ಅಣು ಮತ್ತು ಕೋಶ ಜೀವವಿಜ್ಞಾನದಲ್ಲಿ ಸಂಶೋಧನಾ ವೃತ್ತಿ: ಯಾವ ಹೆಜ್ಜೆಯ ನಂತರ ಯಾವುದು

ವಿಶ್ವವಿದ್ಯಾಲಯದ ಜೀವವಿಜ್ಞಾನ ಪ್ರಯೋಗಾಲಯವನ್ನು ಸೇರಲು ಹೊರಟವರು ನನ್ನ ಬಳಿ ಹೇಳಿಕೊಳ್ಳುವ ತೊಂದರೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ‘ಐವತ್ತು ಮಂದಿ ಪ್ರಾಧ್ಯಾಪಕರಿಗೆ ಇಮೇಲ್ ಬರೆದೆ, ಒಬ್ಬರೂ ಉತ್ತರಿಸಲಿಲ್ಲ.’ ‘ಸೇರಿ ಎರಡು ವರ್ಷವಾಯಿತು, ನಂಬಬಹುದಾದ ಒಂದು ಫಲಿತಾಂಶವೂ ಕೈಯಲ್ಲಿಲ್ಲ.’ ‘ಪಿಎಚ್.ಡಿ. ಮುಗಿಯುತ್ತ ಬಂತು, ಮುಂದೆ ಎಲ್ಲಿಗೆ ಹೋಗಬೇಕೆಂದು ಈಗ ಯೋಚಿಸುತ್ತಿದ್ದೇನೆ.’ ಇವರಲ್ಲಿ ಹೆಚ್ಚಿನವರಿಗೆ ಬುದ್ಧಿಯ ಕೊರತೆಯಿಲ್ಲ, ದುಡಿಮೆಯ ಕೊರತೆಯಂತೂ ಇಲ್ಲವೇ ಇಲ್ಲ. ಎಡವಿರುವುದು ಕ್ರಮದಲ್ಲಿ: ಮೊದಲು ಕೇಳಬೇಕಿದ್ದ ಪ್ರಶ್ನೆಯನ್ನು ಮೂರು ವರ್ಷ ತಡವಾಗಿ ಕೇಳಿದ್ದಾರೆ, ಕೊನೆಗೆ ಮಾಡಬೇಕಿದ್ದ ಪ್ರಯೋಗಕ್ಕೆ ಮೊದಲ ತಿಂಗಳಲ್ಲೇ ಕೈಹಾಕಿದ್ದಾರೆ. ಆದ್ದರಿಂದ ಇಲ್ಲಿರುವ ಹಂತಗಳನ್ನು ಇದೇ ಸಾಲಿನಲ್ಲಿ ಓದಿಕೊಳ್ಳಬೇಕೆಂದು ಕೋರುತ್ತೇನೆ.

ಹೊರಡುವ ಮುನ್ನ ಬೇಕಾದ ಸಲಕರಣೆಗಳು

ಬೇಕಾದವು ಕೆಲವೇ. ಓದಿದ ಪ್ರಬಂಧಗಳನ್ನು ಟಿಪ್ಪಣಿಯೊಡನೆ ಕೂಡಿಡಲು ಜೋಟೆರೋದಂಥ ಒಂದು ತಂತ್ರಾಂಶ, ಸೂಕ್ಷ್ಮದರ್ಶಕದ ಚಿತ್ರಗಳನ್ನು ಅಳೆಯಲು ಇಮೇಜ್‌ಜೆ ಅಥವಾ ಅದರದೇ ರೂಪವಾದ ಫಿಜಿ, ಅಂಕಿಸಂಖ್ಯೆಗಳನ್ನು ವಿಶ್ಲೇಷಿಸಲು ಆರ್ ಅಥವಾ ಪೈಥಾನ್‌ನ ತಕ್ಕಮಟ್ಟಿನ ಪರಿಚಯ, ಮತ್ತು ಹೆಸರಿನ ಗೊಂದಲ ತಪ್ಪಿಸುವ ಓರ್ಕಿಡ್ ಗುರುತುಸಂಖ್ಯೆ. ಇವೆಲ್ಲವೂ ಉಚಿತವಾಗಿ ಸಿಗುತ್ತವೆ.

ಇವುಗಳ ಜೊತೆಗೆ, ಪದವಿಯಲ್ಲಿರುವಾಗಲೇ ಯಾವುದಾದರೂ ಪ್ರಯೋಗಾಲಯದಲ್ಲಿ ಕೆಲವು ತಿಂಗಳು ಕೈಯಾರೆ ಕೆಲಸ ಮಾಡಿರಬೇಕು. ಪ್ರಮಾಣಪತ್ರಕ್ಕಾಗಿ ಹೀಗೆ ಹೇಳುತ್ತಿಲ್ಲ. ಪ್ರಯೋಗ ಕೆಟ್ಟ ಮರುದಿನ ಬೆಳಿಗ್ಗೆ ಮತ್ತೆ ಅದೇ ಬೆಂಚಿನ ಮುಂದೆ ಕುಳಿತುಕೊಳ್ಳುವ ಮನಸ್ಸು ನಿಮಗಿದೆಯೇ ಎಂಬುದು ನಿಮಗೇ ತಿಳಿಯಲಿ ಎಂದು.

ಹಂತ 1: ತಂತ್ರವನ್ನಲ್ಲ, ಪ್ರಶ್ನೆಯನ್ನು ಆರಿಸಿಕೊಳ್ಳಿ

‘ನಾನು ಕ್ರಿಸ್ಪರ್ ಮೇಲೆ ಕೆಲಸ ಮಾಡಬೇಕು’ ಎನ್ನುವುದು ಈ ಹಂತದ ಅತಿ ಸಾಮಾನ್ಯ ತಪ್ಪು. ಈ ತಂತ್ರದ ಕತ್ತರಿಯಾದ ಕ್ಯಾಸ್9 ಕಿಣ್ವವನ್ನು ಬೇಕಾದ ಜಾಗದಲ್ಲಿ ಡಿಎನ್‌ಎ ಕತ್ತರಿಸುವಂತೆ ನಿರ್ದೇಶಿಸಬಹುದೆಂದು ತೋರಿಸಿದ ಪ್ರಬಂಧ ಬಂದದ್ದು 2012ರಲ್ಲಿ. 2020ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿ ಸಿಗುವ ಹೊತ್ತಿಗೆ ಅದು ಬೆಂಚಿನ ಮೇಲಿನ ಸಾಧಾರಣ ಸಲಕರಣೆಯಾಗಿಬಿಟ್ಟಿತ್ತು. ಸಲಕರಣೆ ಬದಲಾಗುತ್ತಲೇ ಇರುತ್ತದೆ. ಕೋಶವು ತಾನು ವಿಭಜನೆಯಾಗುವ ಹೊತ್ತನ್ನು ಹೇಗೆ ಅರಿಯುತ್ತದೆ, ಹೊಸದಾಗಿ ತಯಾರಾದ ಪ್ರೋಟೀನು ತಾನು ತಲುಪಬೇಕಾದ ಜಾಗವನ್ನು ಹೇಗೆ ತಲುಪುತ್ತದೆ ಎಂಬಂಥ ಪ್ರಶ್ನೆಗಳಾದರೆ ಒಂದಿಡೀ ವೃತ್ತಿಜೀವನಕ್ಕೆ ಸಾಕಾಗುವಷ್ಟು ಬಾಳುತ್ತವೆ.

ಪ್ರಶ್ನೆಯನ್ನು ಆರಿಸಿಕೊಳ್ಳಲು ಹತ್ತಿಪ್ಪತ್ತು ಪ್ರಬಂಧಗಳನ್ನಾದರೂ ಸಾವಧಾನವಾಗಿ ಓದಬೇಕು. ಸಾರಾಂಶವನ್ನು ಬದಿಗಿಟ್ಟು ಚಿತ್ರಗಳಿಂದ ಆರಂಭಿಸಿ. ಒಂದೊಂದು ಚಿತ್ರದ ಮುಂದೆಯೂ ‘ಇಲ್ಲಿ ಕಂಟ್ರೋಲ್ (ಹೋಲಿಕೆಗಾಗಿ ಇಟ್ಟ ಮಾದರಿ) ಯಾವುದು, ಅದು ಇಲ್ಲದಿದ್ದರೆ ಈ ತೀರ್ಮಾನ ನಿಲ್ಲುತ್ತಿತ್ತೇ’ ಎಂದು ಒಂದು ಸಾಲು ಬರೆಯಿರಿ. ಲೇಖಕರ ತೀರ್ಮಾನವನ್ನು ಆಮೇಲೆ ಓದಿ, ನಿಮ್ಮ ತೀರ್ಮಾನಕ್ಕೆ ಹೋಲಿಸಿ. ಎರಡೂ ಬೇರೆಯಾದ ಕಡೆ ಒಂದೋ ನಿಮ್ಮ ತಿಳಿವಳಿಕೆಯಲ್ಲಿ ಕಂದರವಿದೆ, ಇಲ್ಲವೇ ಅವರ ವಾದದಲ್ಲಿದೆ, ಎರಡೂ ಉಪಯುಕ್ತವೇ.

ಇದೇ ಹಂತದಲ್ಲಿ ಯೋಚಿಸಬೇಕಾದ, ಆದರೆ ಬಹುತೇಕ ಯಾರೂ ಯೋಚಿಸದ ಇನ್ನೊಂದು ವಿಷಯವಿದೆ. ನೀವು ಅಧ್ಯಯನ ಮಾಡುವ ಜೀವಿಯ ಗಡಿಯಾರವೇ ನಿಮ್ಮ ಪಿಎಚ್.ಡಿ.ಯ ಗಡಿಯಾರವಾಗುತ್ತದೆ. ಒಳ್ಳೆಯ ಪೋಷಕದ್ರವದಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ, ಯೀಸ್ಟ್ ಸುಮಾರು 90 ನಿಮಿಷಕ್ಕೊಮ್ಮೆ. ಹಣ್ಣುನೊಣದ ಮೊಟ್ಟೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರೌಢ ನೊಣವಾಗಲು ಹತ್ತು ದಿನ ಸಾಕು. ಇಲಿಯ ಒಂದು ತಲೆಮಾರಿಗೆ ಎರಡು ಮೂರು ತಿಂಗಳು ಬೇಕು. ಮೂರು ವಂಶವಾಹಿಗಳ ಬದಲಾವಣೆಯನ್ನು ಒಂದೇ ಇಲಿಯಲ್ಲಿ ಕೂಡಿಸಬೇಕಾದ ಯೋಜನೆಯೆಂದರೆ ಮೊದಲ ನಿಜವಾದ ಪ್ರಯೋಗಕ್ಕೇ ಒಂದು ವರ್ಷ ಹಿಡಿಯಬಹುದು. ಇಲಿಯನ್ನು ಆರಿಸಬೇಡಿ ಎನ್ನುತ್ತಿಲ್ಲ. ಆರಿಸಿಕೊಳ್ಳುವಾಗ ಈ ಲೆಕ್ಕ ಗೊತ್ತಿರಲಿ.

ಹಂತ 2: ಪ್ರಯೋಗಾಲಯವನ್ನು ವಿಚಾರಿಸಿ ನೋಡಿ

ಮಾರ್ಗದರ್ಶಕರ ಕೀರ್ತಿಯನ್ನು ನೋಡಿ ಸೇರಿದವರಿಗಿಂತ, ಹಿಂದೆ ಅಲ್ಲಿದ್ದವರ ಮಾತನ್ನು ಕೇಳಿ ಸೇರಿದವರು ನೆಮ್ಮದಿಯಾಗಿರುವುದನ್ನೇ ನಾನು ಕಂಡಿದ್ದೇನೆ. ಈಗ ಅಲ್ಲಿರುವ ವಿದ್ಯಾರ್ಥಿಗಳು ಎಲ್ಲವನ್ನೂ ಬಿಚ್ಚಿ ಹೇಳಲಾರರು. ಅವರ ಶಿಫಾರಸು ಪತ್ರಗಳನ್ನು ಮಾರ್ಗದರ್ಶಕರು ಇನ್ನೂ ಬರೆಯಬೇಕಾಗಿದೆ. ಬಿಟ್ಟು ಹೋದವರನ್ನು, ಅದರಲ್ಲೂ ಪದವಿ ಮುಗಿಸದೆ ಹೋದವರನ್ನು, ಹುಡುಕಿ ಮಾತಾಡಿಸಿ. ಪ್ರಯೋಗಾಲಯದ ಹಳೆಯ ಪ್ರಬಂಧಗಳಲ್ಲಿ ಒಮ್ಮೆ ಮಾತ್ರ ಕಾಣಿಸಿಕೊಂಡು ಮರೆಯಾದ ಹೆಸರುಗಳನ್ನು ಗುರುತು ಹಾಕಿಕೊಂಡರೆ ಯಾರನ್ನು ಕೇಳಬೇಕೆಂಬುದು ತಾನಾಗಿ ತಿಳಿಯುತ್ತದೆ.

ಕೇಳಬೇಕಾದ ಪ್ರಶ್ನೆಗಳು ನೇರವಾಗಿರಲಿ. ಸರಾಸರಿ ಎಷ್ಟು ವರ್ಷಕ್ಕೆ ವಿದ್ಯಾರ್ಥಿಗಳು ಮುಗಿಸುತ್ತಾರೆ? ಎಲ್ಲರಿಗೂ ಮೊದಲ ಲೇಖಕರಾಗಿ ಒಂದು ಪ್ರಬಂಧವಾದರೂ ಬಂದಿದೆಯೇ? ಮಾರ್ಗದರ್ಶಕರು ಕಚ್ಚಾ ದತ್ತಾಂಶವನ್ನು ನೋಡುತ್ತಾರೆಯೇ, ಅಥವಾ ಅಂದವಾಗಿ ಜೋಡಿಸಿದ ಸ್ಲೈಡುಗಳನ್ನು ಮಾತ್ರವೇ? ಅವರ ಊಹೆಗೆ ವಿರುದ್ಧವಾದ ಫಲಿತಾಂಶವನ್ನು ತಂದಾಗ ಏನಾಗುತ್ತದೆ? ಕೊನೆಯ ಪ್ರಶ್ನೆಗೆ ಬರುವ ಉತ್ತರಕ್ಕಿಂತ, ಉತ್ತರಿಸುವ ಮೊದಲು ಎದುರಿನವರು ತೆಗೆದುಕೊಳ್ಳುವ ಬಿಡುವನ್ನು ಗಮನಿಸಿ.

ಎಚ್ಚರಿಕೆಯ ಚಿಹ್ನೆಗಳು ಹೀಗಿರುತ್ತವೆ: ಇಬ್ಬರು ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನೆಯನ್ನು ಕೊಟ್ಟು ಯಾರು ಮೊದಲು ಮುಟ್ಟುತ್ತಾರೋ ನೋಡುವ ಪದ್ಧತಿ, ‘ಆ ಪ್ರಯೋಗ ಅವನ ಕೈಯಲ್ಲಿ ಮಾತ್ರ ಆಗುತ್ತದೆ’ ಎಂಬ ಮಾತು, ಲ್ಯಾಬ್ ಮೀಟಿಂಗಿನಲ್ಲಿ ಯಾರೂ ಪ್ರಶ್ನೆ ಕೇಳದಿರುವುದು, ಅನುದಾನ ಯಾವಾಗ ಮುಗಿಯುತ್ತದೆಂಬ ಸರಳ ಪ್ರಶ್ನೆಗೆ ಸುತ್ತಿಬಳಸಿದ ಉತ್ತರ. ಇವುಗಳಲ್ಲಿ ಎರಡನೆಯದು ಅತಿ ಅಪಾಯಕರ, ಏಕೆಂದರೆ ಆ ಪ್ರಯೋಗವನ್ನೇ ಅಡಿಪಾಯವಾಗಿಟ್ಟು ನಿಮ್ಮ ಯೋಜನೆಯನ್ನು ಕಟ್ಟಲಾಗುತ್ತದೆ.

ಕೆಲವು ಪಿಎಚ್.ಡಿ. ಕಾರ್ಯಕ್ರಮಗಳಲ್ಲಿ ಮೊದಲ ವರ್ಷ ಎರಡು ಮೂರು ಪ್ರಯೋಗಾಲಯಗಳಲ್ಲಿ ಕೆಲವು ವಾರಗಳಂತೆ ಸರದಿಯಾಗಿ ಕೆಲಸ ಮಾಡುವ ಅವಕಾಶವಿರುತ್ತದೆ. ಅಂಥ ಅವಕಾಶವಿದ್ದರೆ ಅದನ್ನು ಫಲಿತಾಂಶ ಗಳಿಸಲು ವ್ಯಯಮಾಡಬೇಡಿ. ಅಲ್ಲಿನ ಜನರ ನಡುವೆ ನಿಮಗೆ ಕೆಲಸ ಮಾಡಲು ಆಗುತ್ತದೆಯೇ ಎಂದು ನೋಡಲು ಬಳಸಿ.

ಹಂತ 3: ಪತ್ರ ಬರೆಯಿರಿ

ಐವತ್ತು ಪತ್ರಗಳಿಗೆ ಉತ್ತರ ಬಾರದಿರುವುದಕ್ಕೆ ಕಾರಣ ಸರಳ: ಅವು ಐವತ್ತು ಪತ್ರಗಳಲ್ಲ, ಐವತ್ತು ಕಡೆಗೆ ಹೋದ ಒಂದೇ ಪತ್ರ. ‘ತಮ್ಮ ಶ್ರೇಷ್ಠ ಸಂಶೋಧನೆಯಿಂದ ಪ್ರೇರಿತನಾಗಿ’ ಎಂದು ಶುರುವಾದರೆ ಓದುವವರು ಎರಡನೆಯ ಸಾಲಿಗೆ ಹೋಗುವುದಿಲ್ಲ. ಆರೇಳು ಪ್ರಯೋಗಾಲಯಗಳನ್ನು ಮಾತ್ರ ಆರಿಸಿಕೊಂಡು, ಒಂದೊಂದಕ್ಕೂ ಒಂದಿಡೀ ದಿನವನ್ನು ಕೊಡಿ.

ಪತ್ರದ ಹೃದಯಭಾಗ ಹೀಗಿದ್ದರೆ ಸಾಕು: ‘ತಮ್ಮ ಇತ್ತೀಚಿನ ಪ್ರಬಂಧದ ನಾಲ್ಕನೆಯ ಚಿತ್ರದಲ್ಲಿ, ಪ್ರೋಟೀನನ್ನು ಇಲ್ಲವಾಗಿಸಿದ ಕೋಶಗಳ ಪೈಕಿ ಅರ್ಧದಷ್ಟು ಮಾತ್ರ ವಿಭಜನೆಯ ನಡುವೆ ನಿಲ್ಲುತ್ತವೆ. ಉಳಿದರ್ಧ ದಾಟಿಹೋಗುವುದು ಪ್ರೋಟೀನಿನ ಶೇಷ ಉಳಿದಿರುವುದರಿಂದಲೋ, ಕೋಶಕ್ಕೆ ಇನ್ನೊಂದು ದಾರಿ ಇರುವುದರಿಂದಲೋ ಎಂಬುದನ್ನು ಬೇರ್ಪಡಿಸಬಹುದೇ ಎಂದು ಯೋಚಿಸುತ್ತಿದ್ದೇನೆ.’ ಇದಾದ ಮೇಲೆ ನೀವು ಈವರೆಗೆ ಕೈಯಾರೆ ಮಾಡಿರುವ ಕೆಲಸದ ಕುರಿತು ಮೂರು ವಾಕ್ಯ, ಯಾವಾಗಿನಿಂದ ಸೇರಬಹುದು ಎಂಬುದರ ಕುರಿತು ಒಂದು ವಾಕ್ಯ, ನಿಮ್ಮ ಕೆಲಸವನ್ನು ಹತ್ತಿರದಿಂದ ಬಲ್ಲ ಇಬ್ಬರ ಹೆಸರು. ಎಲ್ಲವೂ ಒಂದು ಪುಟದೊಳಗೆ ಮುಗಿಯಬೇಕು. ಎರಡು ವಾರದಲ್ಲಿ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ. ಎರಡನೆಯ ಬಾರಿ ಬೇಡ.

ಮಾಡದ ಕೆಲಸವನ್ನು ಮಾಡಿದ್ದೇನೆಂದು ಬರೆಯಬೇಡಿ. ‘ವೆಸ್ಟರ್ನ್ ಬ್ಲಾಟ್ ಬಲ್ಲೆ’ (ಪ್ರತಿಕಾಯದಿಂದ ಪ್ರೋಟೀನನ್ನು ಪತ್ತೆಹಚ್ಚುವ ವಿಧಾನ) ಎಂದವರನ್ನು ಸಂದರ್ಶನದಲ್ಲಿ ಪ್ರೋಟೀನನ್ನು ಪೊರೆಗೆ ವರ್ಗಾಯಿಸುವಾಗ ಯಾವ ಬದಿಯಲ್ಲಿ ಯಾವ ವಿದ್ಯುದ್ಧ್ರುವ ಇತ್ತೆಂದು ಕೇಳಿದರೆ ಸಾಕು, ನೋಡಿದವರು ಯಾರು, ಮಾಡಿದವರು ಯಾರು ಎಂಬುದು ಗೊತ್ತಾಗಿಬಿಡುತ್ತದೆ.

ಹಂತ 4: ಮೊದಲ ಆರು ತಿಂಗಳು, ಕೈಯನ್ನು ನಂಬಲು ಕಲಿಯಿರಿ

ಹೆಚ್ಚಿನವರು ಸೋಲುವುದು ಈ ಹಂತದಲ್ಲೇ. ಆದ್ದರಿಂದ ಇದನ್ನು ವಿವರವಾಗಿ ಹೇಳುತ್ತೇನೆ.

ಮೊದಲ ದಿನ ಪಿಪೆಟ್ಟನ್ನು ಪರೀಕ್ಷಿಸಿ. ಒಂದು ಮೈಕ್ರೋಲೀಟರ್ ನೀರು ಹೆಚ್ಚುಕಡಿಮೆ ಒಂದು ಮಿಲಿಗ್ರಾಂ ತೂಗುತ್ತದೆ. ಸೂಕ್ಷ್ಮ ತಕ್ಕಡಿಯ ಮೇಲೆ ಪುಟ್ಟ ಕೊಳವೆಯೊಂದನ್ನು ಇಟ್ಟು, 100 ಮೈಕ್ರೋಲೀಟರ್‌ನಂತೆ ಹತ್ತು ಬಾರಿ ನೀರು ಹಾಕಿ, ಪ್ರತಿಬಾರಿಯ ತೂಕವನ್ನೂ ಬರೆದುಕೊಳ್ಳಿ. ಎಲ್ಲ ತೂಕಗಳೂ ಒಂದೇ ದಿಕ್ಕಿಗೆ ತಪ್ಪಿದ್ದರೆ ದೋಷ ಪಿಪೆಟ್ಟಿನದು, ಅತ್ತಿತ್ತ ಚದುರಿದ್ದರೆ ದೋಷ ನಿಮ್ಮ ಹೆಬ್ಬೆರಳಿನದು. ಎಳೆದುಕೊಳ್ಳುವಾಗ ಗುಂಡಿಯನ್ನು ಮೊದಲ ತಡೆಯವರೆಗೆ ಮಾತ್ರ ಒತ್ತಿ, ನಿಧಾನವಾಗಿ ಬಿಡಬೇಕು. ಕಿಣ್ವಗಳು ಸಾಮಾನ್ಯವಾಗಿ 50 ಶೇಕಡಾ ಗ್ಲಿಸರಾಲ್‌ನಲ್ಲಿ ಬರುತ್ತವೆ. ಆ ಜಿಗುಟು ದ್ರವದೊಳಕ್ಕೆ ತುದಿಯನ್ನು ಆಳವಾಗಿ ಅದ್ದಿದರೆ ಹೊರಮೈಗೆ ಅಂಟಿಕೊಂಡೇ ಒಂದು ಪ್ರಯೋಗಕ್ಕಾಗುವಷ್ಟು ಕಿಣ್ವ ಹೋಗುತ್ತದೆ. ಮೇಲ್ಮೈಗೆ ತಾಗುವಷ್ಟು ಮಾತ್ರ ತುದಿಯನ್ನು ಇಳಿಸಿ.

ಎರಡನೆಯದಾಗಿ, ಆ ಪ್ರಯೋಗಾಲಯವೇ ಹಿಂದೆ ಪ್ರಕಟಿಸಿದ ಒಂದು ಫಲಿತಾಂಶವನ್ನು ನೀವೇ ಮರಳಿ ಪಡೆಯಿರಿ. ಹೊಸ ಪ್ರಶ್ನೆಗೆ ಹೋಗುವ ಆತುರದಲ್ಲಿ ಇದನ್ನು ಬಿಟ್ಟವರು, ಮುಂದೆ ವಿಚಿತ್ರ ಫಲಿತಾಂಶವೊಂದು ಬಂದಾಗ ಅದು ಪ್ರಕೃತಿಯ ಮಾತೋ ತಮ್ಮ ಕೈಯ ತಪ್ಪೋ ಎಂದು ಹೇಳಲಾರದೆ ಒದ್ದಾಡುತ್ತಾರೆ.

ಮೂರನೆಯದಾಗಿ, ಪ್ರತಿ ಪ್ರಯೋಗದಲ್ಲೂ ‘ಆಗಲೇಬೇಕಾದ’ ಕಂಟ್ರೋಲ್ ಒಂದು, ‘ಆಗಲೇಬಾರದ’ ಕಂಟ್ರೋಲ್ ಒಂದು ಇರಲಿ. ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಮಾಡುವಾಗ ಡಿಎನ್‌ಎ ಹಾಕದ ಕೊಳವೆಯಲ್ಲೂ ಜೆಲ್ ಮೇಲೆ ಪಟ್ಟಿ ಕಾಣಿಸಿದರೆ ಉಳಿದ ಹನ್ನೊಂದು ಕೊಳವೆಗಳ ಫಲಿತಾಂಶ, ಅವು ಎಷ್ಟೇ ಸುಂದರವಾಗಿರಲಿ, ಬುಟ್ಟಿಗೆ ಸೇರಬೇಕು. ಪ್ರತಿಕಾಯವನ್ನು ನಂಬುವ ಮೊದಲು, ಆ ಪ್ರೋಟೀನಿನ ವಂಶವಾಹಿಯನ್ನೇ ತೆಗೆದ ಕೋಶಗಳ ಸಾರದಲ್ಲಿ ಪಟ್ಟಿ ಮಾಯವಾಗುತ್ತದೆಯೇ ಎಂದು ನೋಡಿ. ಮಾಯವಾಗದಿದ್ದರೆ ಆ ಪ್ರತಿಕಾಯ ಬೇರೆ ಯಾವುದನ್ನೋ ಹಿಡಿಯುತ್ತಿದೆ, ಸೀಸೆಯ ಮೇಲೆ ಏನೇ ಬರೆದಿರಲಿ.

ಕೋಶ ಕೃಷಿ ಮಾಡುವವರಿಗೆ ಒಂದು ವಿಶೇಷ ಎಚ್ಚರಿಕೆ. ಸಾಮಾನ್ಯ ಬ್ಯಾಕ್ಟೀರಿಯಾ ಹೊಕ್ಕರೆ ಪೋಷಕದ್ರವ ಕದಡುತ್ತದೆ, ಆಮ್ಲೀಯವಾಗುತ್ತದೆ, ಅದರಲ್ಲಿರುವ ಫೀನಾಲ್ ರೆಡ್ ಕೆಂಪಿನಿಂದ ಹಳದಿಗೆ ತಿರುಗುತ್ತದೆ, ಮರುದಿನವೇ ಗೊತ್ತಾಗುತ್ತದೆ. ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ ಹಾಗಲ್ಲ. ಅದಕ್ಕೆ ಕೋಶಭಿತ್ತಿಯಿಲ್ಲದ ಕಾರಣ ಪೆನಿಸಿಲಿನ್ ತಾಗುವುದಿಲ್ಲ, ದ್ರವ ತಿಳಿಯಾಗಿಯೇ ಉಳಿಯುತ್ತದೆ, ದಿನನಿತ್ಯದ ಸೂಕ್ಷ್ಮದರ್ಶಕದಲ್ಲಿ ಅದು ಕಾಣುವುದೂ ಇಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಎರಡು ಬಗೆಯ ಕೋಶಗಳ ಬೆಳವಣಿಗೆಯ ವೇಗದಲ್ಲಿ ವ್ಯತ್ಯಾಸ ಕಂಡು, ಅದಕ್ಕೆ ಕಾರಣ ಹುಡುಕುತ್ತ ನಾಲ್ಕು ತಿಂಗಳು ಕಳೆದೆ. ಕೊನೆಗೆ ಡಿಎನ್‌ಎ ಬಣ್ಣ ಹಾಕಿ ನೋಡಿದಾಗ, ನಿಧಾನವಾಗಿ ಬೆಳೆಯುತ್ತಿದ್ದ ಕೋಶಗಳ ಕೇಂದ್ರದ ಸುತ್ತ ನುಚ್ಚು ಚೆಲ್ಲಿದಂತೆ ಚುಕ್ಕಿಗಳಿದ್ದವು. ಅವು ಮೈಕೋಪ್ಲಾಸ್ಮಾ. ನನ್ನ ‘ಆವಿಷ್ಕಾರ’ವೆಲ್ಲ ಆ ಚುಕ್ಕಿಗಳೇ. ಹೊಸ ಕೋಶಗಳು ಬಂದ ದಿನವೇ, ಆಮೇಲೆ ತಿಂಗಳಿಗೊಮ್ಮೆ, ಪಿಸಿಆರ್ ಮೂಲಕ ಪರೀಕ್ಷಿಸಿ. ಫಲಿತಾಂಶ ಬರುವವರೆಗೆ ಅವುಗಳನ್ನು ಬೇರೆ ಇನ್‌ಕ್ಯುಬೇಟರಿನಲ್ಲಿಡಿ. ಜೊತೆಗೆ, ಕೋಶಗಳ ಗುರುತನ್ನು ಡಿಎನ್‌ಎ ಪ್ರೊಫೈಲ್ ಮಾಡಿಸಿ ಖಚಿತಪಡಿಸಿಕೊಳ್ಳಿ. ಬೇರೆ ಹೆಸರಿನಲ್ಲಿ ಓಡಾಡುತ್ತಿರುವ ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳ ಮೇಲೆ ವರ್ಷಗಟ್ಟಲೆ ದುಡಿದವರು ಈ ಕ್ಷೇತ್ರದಲ್ಲಿ ಒಬ್ಬಿಬ್ಬರಲ್ಲ.

ನೋಟ್‌ಬುಕ್ಕಿನ ವಿಷಯದಲ್ಲಿ ಒಂದೇ ನಿಯಮ: ಅಂದಿನದನ್ನು ಅಂದೇ ಬರೆಯಿರಿ. ದಿನಾಂಕ, ಯಾಕೆ ಮಾಡುತ್ತಿದ್ದೀರಿ ಎಂಬ ಒಂದು ಸಾಲು, ಪ್ರತಿ ರಾಸಾಯನಿಕದ ಬ್ಯಾಚ್ ಸಂಖ್ಯೆ, ಕಚ್ಚಾ ಫೈಲು ಇರುವ ಜಾಗ, ಕೊನೆಯಲ್ಲಿ ನಿಮ್ಮ ತೀರ್ಮಾನ. ವಿಫಲವಾದ ಪ್ರಯೋಗವನ್ನು ಬಿಡಬೇಡಿ. ‘ನೆನಪಿರುತ್ತದೆ’ ಎಂದುಕೊಂಡು ‘ಕೋಶ 2, ಹೊಸದು’ ಎಂದು ಬರೆದ ಕೊಳವೆಯು ಮೂರು ವರ್ಷಗಳ ನಂತರ ಮೈನಸ್ 80 ಡಿಗ್ರಿ ಫ್ರೀಜರಿನಿಂದ ಹೊರಬಂದಾಗ, ಅದರಲ್ಲಿ ಏನಿದೆಯೆಂದು ಬರೆದವರಿಗೇ ತಿಳಿಯುವುದಿಲ್ಲ.

ಹಂತ 5: ಎರಡು ಯೋಜನೆಗಳನ್ನು ಜೊತೆಯಾಗಿ ನಡೆಸಿ

ಒಂದು ಯೋಜನೆ, ಫಲಿತಾಂಶ ಹೌದೆಂದು ಬಂದರೂ ಅಲ್ಲವೆಂದು ಬಂದರೂ ಬರೆಯಲು ಆಗುವಂಥದ್ದಾಗಿರಲಿ. ಇನ್ನೊಂದು, ಗೆದ್ದರೆ ದೊಡ್ಡದು, ಸೋತರೆ ಏನೂ ಇಲ್ಲ ಎನ್ನುವಂಥದ್ದು. ಎರಡನೆಯದನ್ನು ಮಾತ್ರ ಹಿಡಿದುಕೊಂಡವರು ನಾಲ್ಕನೆಯ ವರ್ಷದಲ್ಲಿ ಕಂಗೆಡುತ್ತಾರೆ, ಮೊದಲನೆಯದನ್ನು ಮಾತ್ರ ಹಿಡಿದುಕೊಂಡವರು ಬೇಸರದಿಂದ ಬಿಟ್ಟುಹೋಗುತ್ತಾರೆ.

ದೊಡ್ಡ ಯೋಜನೆಗೆ ಕೈಹಾಕುವ ದಿನವೇ, ಅದನ್ನು ಯಾವ ಸ್ಥಿತಿಯಲ್ಲಿ ಕೈಬಿಡುತ್ತೀರಿ ಎಂಬುದನ್ನು ಬರೆದಿಡಿ: ‘ಇಂಥ ತಿಂಗಳೊಳಗೆ, ಮೂರು ಸ್ವತಂತ್ರ ಪ್ರಯತ್ನಗಳಲ್ಲಿ ಪ್ರೋಟೀನು ಶುದ್ಧವಾಗಿ ಸಿಗದಿದ್ದರೆ ಈ ದಾರಿಯನ್ನು ಬಿಡುತ್ತೇನೆ.’ ಆ ಹೊತ್ತಿಗೆ ಮನಸ್ಸು ಇನ್ನೂ ಯೋಜನೆಗೆ ಅಂಟಿಕೊಂಡಿರುವುದಿಲ್ಲವಾದ್ದರಿಂದ ನಿರ್ಧಾರ ಸ್ಪಷ್ಟವಾಗಿರುತ್ತದೆ.

ಇಲ್ಲಿ ಪದೇಪದೇ ಕಾಣುವ ತಪ್ಪು ಲೆಕ್ಕದ್ದು. ಒಂದೇ ಫ್ಲಾಸ್ಕಿನ ಕೋಶಗಳನ್ನು ಒಂದೇ ದಿನ ತಟ್ಟೆಯ ಮೂರು ಕುಳಿಗಳಿಗೆ ಹಂಚಿ, ಮೂರು ಅಳತೆ ತೆಗೆದು, ‘ಮೂರು ಬಾರಿ ಮಾಡಿದ್ದೇನೆ’ ಎನ್ನುವುದು. ಅದು ಒಂದೇ ಪ್ರಯೋಗ. ಮೂರು ಅಳತೆಗಳು ನಿಮ್ಮ ಪಿಪೆಟ್ಟಿನ ಸ್ಥಿರತೆಯನ್ನು ಹೇಳುತ್ತವೆ, ಜೀವಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಬೇರೆ ಬೇರೆ ದಿನ, ಸ್ವತಂತ್ರವಾಗಿ ಬೆಳೆಸಿದ ಕೋಶಗಳಲ್ಲಿ ಮೊದಲಿನಿಂದ ಮಾಡಿದಾಗ ಮಾತ್ರ ಎಣಿಕೆ ಎರಡಾಗುತ್ತದೆ, ಮೂರಾಗುತ್ತದೆ. ಚಿತ್ರಗಳನ್ನು ಎಣಿಸುವಾಗ ಯಾವುದು ಕಂಟ್ರೋಲ್, ಯಾವುದು ಅಲ್ಲ ಎಂಬುದು ನಿಮಗೆ ತಿಳಿಯದಂತೆ ಫೈಲಿನ ಹೆಸರುಗಳನ್ನು ಸಹೋದ್ಯೋಗಿಯೊಬ್ಬರಿಂದ ಬದಲಿಸಿಕೊಳ್ಳಿ. ಕಣ್ಣು ತನಗೆ ಬೇಕಾದುದನ್ನೇ ಎಣಿಸುತ್ತದೆ.

ಹಂತ 6: ಪ್ರಬಂಧ, ಲೇಖಕರ ಸಾಲು

ಜೀವವಿಜ್ಞಾನದಲ್ಲಿ ರೂಢಿಯಂತೆ ಮೊದಲ ಹೆಸರು ಹೆಚ್ಚಿನ ಕೆಲಸ ಮಾಡಿದವರದು, ಕೊನೆಯ ಹೆಸರು ಪ್ರಯೋಗಾಲಯದ ಮುಖ್ಯಸ್ಥರದು. ಜಗಳ ಹುಟ್ಟುವುದು ನಡುವಿನ ಹೆಸರುಗಳಲ್ಲಿ, ಇನ್ನೂ ಹೆಚ್ಚಾಗಿ ಇಬ್ಬರು ಮೊದಲ ಸ್ಥಾನ ಕೇಳಿದಾಗ. ಈ ಮಾತುಕತೆಯನ್ನು ಪ್ರಯೋಗ ಆರಂಭವಾಗುವಾಗಲೇ ಮುಗಿಸಿ, ತೀರ್ಮಾನವನ್ನು ಒಂದು ಇಮೇಲ್‌ನಲ್ಲಿ ಎಲ್ಲರಿಗೂ ಕಳಿಸಿಡಿ. ಕೆಲಸದ ಪಾಲು ಬದಲಾದರೆ ಮತ್ತೆ ಕುಳಿತು ಮಾತಾಡಿ. ಯಾರು ಏನು ಮಾಡಿದರೆಂಬುದನ್ನು ದಾಖಲಿಸಲು ಅನೇಕ ನಿಯತಕಾಲಿಕೆಗಳು ಬಳಸುವ ‘ಕ್ರೆಡಿಟ್’ ಪಟ್ಟಿಯಲ್ಲಿ 14 ಬಗೆಯ ಪಾತ್ರಗಳಿವೆ. ಆ ಪಟ್ಟಿಯನ್ನು ಮುಂದಿಟ್ಟುಕೊಂಡರೆ ಮಾತು ವ್ಯಕ್ತಿಗಳಿಂದ ಕೆಲಸದ ಕಡೆಗೆ ತಿರುಗುತ್ತದೆ.

ಜೆಲ್ ಮತ್ತು ಬ್ಲಾಟ್ ಚಿತ್ರಗಳನ್ನು ಕತ್ತರಿಸುವ ಮೊದಲಿನ ಮೂಲ ರೂಪದಲ್ಲಿ ಕಾಪಾಡಿಡಿ. ಪ್ರಖರತೆಯನ್ನು ಇಡೀ ಚಿತ್ರಕ್ಕೆ ಸಮನಾಗಿ ಹೊಂದಿಸಬಹುದು, ಒಂದು ಪಟ್ಟಿಗೆ ಮಾತ್ರ ಹೊಂದಿಸಿದರೆ ಅದು ವಂಚನೆ. ಬೇರೆ ಬೇರೆ ಜೆಲ್‌ಗಳ ಸಾಲುಗಳನ್ನು ಪಕ್ಕಪಕ್ಕ ಇಟ್ಟಿದ್ದರೆ ನಡುವೆ ಗೆರೆ ಎಳೆದು ತೋರಿಸಬೇಕು. ಸಾಧ್ಯವಾದಲ್ಲಿ ಪ್ರಬಂಧವನ್ನು ನಿಯತಕಾಲಿಕೆಗೆ ಕಳಿಸುವ ಹೊತ್ತಿಗೇ ಬಯೋಆರ್ಕೈವ್‌ನಲ್ಲಿ ಹಾಕಿ. 2013ರಿಂದ ನಡೆಯುತ್ತಿರುವ ಈ ಪ್ರೀಪ್ರಿಂಟ್ ಸಂಗ್ರಹದಲ್ಲಿ ನಿಮ್ಮ ಕೆಲಸಕ್ಕೆ ದಿನಾಂಕ ಬೀಳುತ್ತದೆ, ವಿಮರ್ಶಕರು ತಿಂಗಳುಗಟ್ಟಲೆ ತಡಮಾಡಿದರೂ ಮುಂದಿನ ಅರ್ಜಿಯಲ್ಲಿ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ.

ಹಂತ 7: ಬಿಡುವ ಮೊದಲೇ ಮುಂದಿನದನ್ನು ಹುಡುಕಿ

ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಹುಡುಕಾಟ ಶುರುವಾಗಬೇಕಾದದ್ದು ಮಹಾಪ್ರಬಂಧ ಸಲ್ಲಿಸುವ ಒಂದೂವರೆ ವರ್ಷ ಮೊದಲು. ಎಂಬೋ (ಯುರೋಪಿನ ಅಣು ಜೀವವಿಜ್ಞಾನ ಸಂಸ್ಥೆ) ಮತ್ತು ಹ್ಯೂಮನ್ ಫ್ರಂಟಿಯರ್ ಸೈನ್ಸ್ ಪ್ರೋಗ್ರಾಂನಂಥ ಫೆಲೋಶಿಪ್‌ಗಳು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವವರಿಗೆ ಇರುವಂಥವು. ಆತಿಥೇಯ ಪ್ರಯೋಗಾಲಯದ ಒಪ್ಪಿಗೆ, ಇಬ್ಬರೂ ಕೂಡಿ ತಿದ್ದಿದ ಯೋಜನೆ, ಶಿಫಾರಸು ಪತ್ರಗಳು, ಆಮೇಲೆ ಆಯ್ಕೆಗೆ ಹಿಡಿಯುವ ತಿಂಗಳುಗಳು ಎಲ್ಲ ಸೇರಿದರೆ ಆ ಒಂದೂವರೆ ವರ್ಷ ಏನೇನೂ ಹೆಚ್ಚಲ್ಲ.

ಹೊಸ ಜಾಗದಲ್ಲಿ ಪ್ರಶ್ನೆಯನ್ನೋ ಜೀವಿಯನ್ನೋ, ಎರಡರಲ್ಲಿ ಒಂದನ್ನು ಬದಲಿಸಿಕೊಳ್ಳಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಎರಡು ವರ್ಷ ಕಲಿಕೆಗೇ ಹೋಗುತ್ತದೆ. ಎರಡನ್ನೂ ಬದಲಿಸದಿದ್ದರೆ ಹಳೆಯ ಮಾರ್ಗದರ್ಶಕರ ನೆರಳಿನಿಂದ ಹೊರಬರುವುದಿಲ್ಲ. ಸೇರುವ ಮೊದಲೇ ಕೇಳಬೇಕಾದ, ಸಂಕೋಚದಿಂದ ಬಹುತೇಕರು ಬಿಟ್ಟುಬಿಡುವ ಪ್ರಶ್ನೆ ಇದು: ‘ಇಲ್ಲಿಂದ ಹೋಗುವಾಗ ಈ ಕೆಲಸದ ಯಾವ ಭಾಗವನ್ನು ನನ್ನದಾಗಿ ಕೊಂಡೊಯ್ಯಬಹುದು?’ ಸ್ಪಷ್ಟ ಉತ್ತರ ಸಿಗದ ಜಾಗಕ್ಕೆ ಹೋಗದಿರುವುದು ಲೇಸು.

ಹಳೆಯ ಪ್ರಯೋಗಾಲಯವನ್ನು ಬಿಡುವಾಗ ಫ್ರೀಜರಿನ ಪ್ರತಿ ಪೆಟ್ಟಿಗೆಗೂ ಪಟ್ಟಿ ಬರೆದುಕೊಡಿ, ವಂಶವಾಹಿಗಳನ್ನು ಹೊತ್ತ ಡಿಎನ್‌ಎ ಉಂಗುರಗಳಾದ ಪ್ಲಾಸ್ಮಿಡ್‌ಗಳನ್ನು ಆಡ್‌ಜೀನ್‌ನಂಥ ಭಂಡಾರಕ್ಕೆ ಕಳಿಸಿ. ನಿಮಗೆ ಬೇಕಾದ ಮಾದರಿಗಳನ್ನು ಸಾಮಗ್ರಿ ವರ್ಗಾವಣೆ ಒಪ್ಪಂದವಿಲ್ಲದೆ ಜೇಬಿನಲ್ಲಿಟ್ಟುಕೊಂಡು ಹೋಗಬೇಡಿ. ಅದರ ಪರಿಣಾಮ ಹೊರಬೀಳುವುದು ಪ್ರಬಂಧ ಪ್ರಕಟವಾಗುವ ಹೊತ್ತಿಗೆ.

ಪ್ರಾಧ್ಯಾಪಕ ಹುದ್ದೆಯೊಂದೇ ಗುರಿಯಾಗಿರಬೇಕಿಲ್ಲ. ಸೂಕ್ಷ್ಮದರ್ಶಕ ಕೇಂದ್ರ ಅಥವಾ ಪ್ರೋಟೀನ್ ವಿಶ್ಲೇಷಣಾ ಕೇಂದ್ರವನ್ನು ನಡೆಸುವವರು, ಕಾಯಂ ವಿಜ್ಞಾನಿಗಳು, ನಿಯತಕಾಲಿಕೆಗಳ ಸಂಪಾದಕರು, ಔಷಧ ಕಂಪನಿಗಳ ಸಂಶೋಧಕರು ಇವರೆಲ್ಲರೂ ಇದೇ ತರಬೇತಿಯಿಂದ ಬಂದವರು. ಈ ದಾರಿಗಳನ್ನು ಪೋಸ್ಟ್‌ಡಾಕ್‌ನ ಮೊದಲ ವರ್ಷದಲ್ಲೇ ವಿಚಾರಿಸಿ ನೋಡಿ, ಐದನೆಯ ವರ್ಷದಲ್ಲಿ ಬೇರೆ ದಾರಿ ಕಾಣದೆ ಅಲ್ಲ.

ಹಂತ 8: ಸ್ವಂತ ಪ್ರಯೋಗಾಲಯಕ್ಕೆ ಅರ್ಜಿ

ಅರ್ಜಿಯ ತಿರುಳು ಸಂಶೋಧನಾ ಯೋಜನೆ. ಅದರಲ್ಲಿ ಮೂರು ಗುರಿಗಳಿರಲಿ, ಆದರೆ ಮೊದಲನೆಯದು ಸೋತರೆ ಉಳಿದೆರಡೂ ಕುಸಿಯುವಂತೆ ಕಟ್ಟಬೇಡಿ. ಆಯ್ಕೆ ಸಮಿತಿಯವರು ಮೊದಲು ಹುಡುಕುವುದೇ ಈ ದೋಷವನ್ನು. ಸ್ಲೈಡುಗಳ ಉಪನ್ಯಾಸ ಚೆನ್ನಾಗಿ ಮಾಡಿ, ಬೋರ್ಡಿನ ಮುಂದೆ ಬರಿಗೈಯಲ್ಲಿ ನಿಂತು ಮುಂದಿನ ಐದು ವರ್ಷಗಳ ಯೋಜನೆಯನ್ನು ವಿವರಿಸುವಾಗ ಬಿದ್ದವರು ಬಹಳ. ‘ನಿಮ್ಮ ಪೋಸ್ಟ್‌ಡಾಕ್ ಮಾರ್ಗದರ್ಶಕರು ಇದನ್ನೇ ಮಾಡಿದರೆ?’ ಎಂಬ ಪ್ರಶ್ನೆ ಅಲ್ಲಿ ಬಂದೇ ಬರುತ್ತದೆ. ಹಿಂದಿನ ಹಂತದಲ್ಲಿ ಕೇಳಿದ್ದ ಪ್ರಶ್ನೆಗೆ ಅವರಿಂದ ಬರಹದಲ್ಲಿ ಸಿಕ್ಕ ಉತ್ತರ ಆಗ ನಿಮ್ಮ ಕೈಯಲ್ಲಿರಬೇಕು.

ಹುದ್ದೆ ಸಿಕ್ಕ ಮೇಲೆ ಖಾಲಿ ಬೆಂಚುಗಳನ್ನು ತುಂಬುವ ಆತುರ ಬೇಡ. ಮೊದಲ ವರ್ಷ ನೀವೇ ಬೆಂಚಿನಲ್ಲಿ ಕುಳಿತುಕೊಳ್ಳಿ; ಮೊದಲು ಸೇರಿಸಿಕೊಳ್ಳುವ ವ್ಯಕ್ತಿ ಕೊಳವೆಯ ಮೇಲೆ ದಿನಾಂಕ ಬರೆಯುವ ಅಭ್ಯಾಸವುಳ್ಳವರಾಗಿರಲಿ, ಏಕೆಂದರೆ ಆಮೇಲೆ ಬರುವ ಹತ್ತು ಮಂದಿ ಅವರನ್ನು ನೋಡಿಯೇ ಕಲಿಯುತ್ತಾರೆ.